ಮೂರು ಹೆಸರಿನ ತೋಳು

ಮದ್ದೂರಿನ ಎಣ್ಣೆ ಮಂಡಿಯಲ್ಲಿ ಇಲಿ ಬಿತ್ತು ಎಂಬ ಸುದ್ದಿ ಬಂದ ದಿನವೇ ಲಾಳದ ಪೀರ್ ಪಾಷಾನ ಹೆಂಡತಿ ಸುಲ್ತಾನ್ ಬೀ ಪಾತ್ರೆ ಪಡಗವನ್ನೆಲ್ಲ ಗೋಣಿಗೆ ತುಂಬಿಟ್ಟಳು. ಇಲಿ ಬಿತ್ತೆಂದರೆ ಪ್ಲೇಗು ಬಂತು, ಪ್ಲೇಗು ಬಂತೆಂದರೆ ಊರು ಬಿಡಬೇಕು. ಇದನ್ನು ಆ ಊರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಐವತ್ತು ವರ್ಷದ ಬಾಳಿನಲ್ಲಿ ಇದು ನಾಲ್ಕನೆಯ ಸಲ. ಯುದ್ಧದ ಕಾಲ, ಸೀಮೆಎಣ್ಣೆ ಸಿಗದು, ಬಟ್ಟೆ ಸಿಗದು, ಅಕ್ಕಿಗೆ ಸಾಲು ನಿಲ್ಲಬೇಕು. ಇಲಿಗೆ ಮಾತ್ರ ಯಾವ ಕೊರತೆಯೂ ಇರಲಿಲ್ಲ.

ಮೂರು ದಿನದೊಳಗೆ ಊರಿಗೆ ಊರೇ ಶಿಂಷಾ ಹೊಳೆ ಕಡೆಯ ಬಯಲಿಗೆ ಬಂದು ಕೂತಿತು. ಬಿದಿರು ಗಳ, ತೆಂಗಿನ ಗರಿ, ಕಬ್ಬಿನ ಸೋಗೆಯ ಗುಡಿಸಲುಗಳು. ಕಾಲುವೆಯ ಈಚೆಗೆ ಮುಸಲ್ಮಾನರ ಓಣಿ, ಆಚೆಗೆ ಗೌಡರ ಬೀದಿ. ಆಚೆಯವರು ಬಾವಿ ತೋಡಿದರು, ಈಚೆಯವರು ಅದಕ್ಕೆ ರಾಟೆ ಕೂರಿಸಿದರು. ಸೇದಲು ಎರಡು ಹಗ್ಗ ಬೇರೆಬೇರೆ ಇರಲಿ ಎಂದು ಆಚೆಯ ಹಿರಿಯರು ಗಟ್ಟಿಯಾಗಿ ಹೇಳಿದರು. ವಾರ ಕಳೆಯುವಷ್ಟರಲ್ಲಿ ಒಂದು ಹಗ್ಗ ಹರಿಯಿತು. ಹೊಸ ಹಗ್ಗ ತರಲು ಸಂತೆಯೇ ಇಲ್ಲ. ಉಳಿದ ಹಗ್ಗದಲ್ಲೇ ಎಲ್ಲರೂ ಸೇದಿದರು, ಹಿರಿಯರಿಗೆ ತಾವೇ ಹೇಳಿದ ಮಾತು ಮರೆತುಹೋಯಿತು.

ಬಯಲಿಗೆ ಬಂದ ನಾಲ್ಕನೆಯ ದಿನ ಮಂಡ್ಯದಿಂದ ಡಾಕ್ಟರು ಬಂದರು, ಜೊತೆಗೆ ನರ್ಸು ಇಂದ್ರಮ್ಮ. ಎಲ್ಲರೂ ಪ್ಲೇಗಿನ ಸೂಜಿ ಹಾಕಿಸಿಕೊಳ್ಳಬೇಕು. ಹಾಕಿಸಿಕೊಂಡವರಿಗೆ ಹೆಸರು ಬರೆದ ಹಳದಿ ಚೀಟಿ. ಚೀಟಿ ಇಲ್ಲದವರನ್ನು ರೈಲು ಹತ್ತಿಸುವುದಿಲ್ಲ, ಊರ ಬಾಗಿಲು ತೆರೆದ ಮೇಲೂ ಒಳಗೆ ಬಿಡುವುದಿಲ್ಲ.

ಓಣಿಯ ಹೆಂಗಸರು ಗೋಷಾದವರು. ಪರಗಂಡಸಿನ ಮುಂದೆ ಮುಖ ತೋರಿಸುವುದಿರಲಿ, ಹೆಸರೂ ಹೇಳುವವರಲ್ಲ. ಓಣಿಯ ಯಜಮಾನ ಅಕ್ರಂ ಪಾಷಾ ಮರದ ವ್ಯಾಪಾರಿ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ಅವನು ಹೋಗಿ ಡಾಕ್ಟರ ಜೊತೆ ಅರ್ಧ ಗಂಟೆ ವಾದ ಮಾಡಿದ. ಡಾಕ್ಟರಿಗೆ ಬೆಳಗಿನಿಂದ ಮುನ್ನೂರು ತೋಳು ನೋಡಿ ಸಾಕಾಗಿತ್ತು.

"ನಂಗೆ ಮುಖ ಯಾತಕ್ಕೆ ಸಾಹೇಬ್ರೇ? ತೋಳು ಕೊಡಿ ಸಾಕು."

ಹಾಗಾಗಿ ಪರದೆ ಕಟ್ಟಿದರು. ಒಂದು ಕಂಬಳಿಗೆ ಮೊಣಕೈ ಹೋಗುವಷ್ಟು ತೂತು. ಆಚೆಯಿಂದ ತೋಳು ಬರುತ್ತದೆ, ಗಂಡನೋ ಮಗನೋ ಈಚೆಯಿಂದ ಹೆಸರು ಹೇಳುತ್ತಾನೆ, ಡಾಕ್ಟರು ಚುಚ್ಚುತ್ತಾರೆ, ಗುಮಾಸ್ತ ಚೀಟಿ ಬರೆಯುತ್ತಾನೆ. ಅಕ್ರಂ ಪಾಷಾ ಮೀಸೆ ತೀಡಿಕೊಂಡ. ಇಷ್ಟು ಸಲೀಸಾದ ಏರ್ಪಾಡನ್ನು ಕಂಡರೆ ಯಾರಿಗಾದರೂ ಬುದ್ಧಿ ಓಡದೆ ಇರುತ್ತದೆಯೇ? ಸುಲ್ತಾನ್ ಬೀಯ ಬುದ್ಧಿ ಎಲ್ಲರಿಗಿಂತ ಮೊದಲು ಓಡಿತು.

ಅವಳ ಸೊಸೆ ನಜ್ಮುನ್ನೀಸಾ ಮಳವಳ್ಳಿಯ ಹುಡುಗಿ, ಮನೆ ತುಂಬಿ ಎಂಟು ತಿಂಗಳು. ಮಗ ವಹಾಬ್ ಬೆಂಗಳೂರಿನಲ್ಲಿ ಮಿಲಿಟರಿ ಲಾರಿಗಳ ರಿಪೇರಿ ಮಾಡುತ್ತಿದ್ದ. ಸುಲ್ತಾನ್ ಬೀ ಹೆತ್ತದ್ದು ಐವರನ್ನು, ಉಳಿದವನು ಅವನೊಬ್ಬ. ಸೊಸೆಗೆ ಮುಟ್ಟು ನಿಂತು ಎರಡು ತಿಂಗಳಾಗಿತ್ತು. ಅದು ಅತ್ತೆಗೆ ಗೊತ್ತು, ಸೊಸೆಗೆ ಗೊತ್ತು, ಮೂರನೆಯವರಿಗೆ ಗೊತ್ತಿಲ್ಲ. ಮೂರು ತಿಂಗಳು ತುಂಬುವ ತನಕ ಹೊಟ್ಟೆಯ ವಿಷಯ ಬಾಯಿಗೆ ಬರಬಾರದು, ಕಣ್ಣು ಬೀಳುತ್ತದೆ; ಗಂಡನಿಗೂ ಕಾಗದ ಬರೆಸಬಾರದು. ಸೂಜಿ ಬಿದ್ದರೆ ಬಸಿರು ನಿಲ್ಲುವುದಿಲ್ಲ ಎಂದು ಬಾವಿಕಟ್ಟೆಯಲ್ಲಿ ಯಾರೋ ಅಂದಿದ್ದರು. ಯಾರು ಅಂದರು ಎಂದು ಆಮೇಲೆ ಹುಡುಕಿದರೆ ಅಂದವರು ಒಬ್ಬರೂ ಇರಲಿಲ್ಲ.

ಆ ಮನೆಯ ಒಳಮಾತು ಉರ್ದು, ಬೀದಿಮಾತು ಕನ್ನಡ. ಕತೆಗೆ ಎರಡೂ ಒಂದೇ. ನಜ್ಮುನ್ನೀಸಾ ಕುಪ್ಪಸದ ತೋಳನ್ನು ಆಗಲೇ ಮೇಲಕ್ಕೆ ಮಡಿಸಿಕೊಂಡಿದ್ದಳು.

"ನಾನು ಆಕ್ಸ್ಕತೀನಮ್ಮಾ. ಓದ ಸತಿ ಮಳವಳ್ಳೀಲಿ ನಮ್ಮ ಬೀದೀಲಿ ಸೂಜಿ ಆಕ್ಸ್ಕಂಡೋರೆಲ್ಲ ಉಳಕಂಡ್ರು."

"ಅವ್ರು ಬಸುರಿ ಆಗಿದ್ರಾ?"

"ಅದ್ ನಂಗೇನ್ ಗೊತ್ತು? ಡಾಕ್ಟ್ರನ್ನೇ ಕೇಳುಮ."

"ಕೇಳೋದು ಅಂದ್ರೆ ಹೇಳ್ದಂಗೇ ಅಲ್ವಾ? ಸುಮ್ಕಿರು. ನಿಂಗ್ಯಾಕೆ ಅದೆಲ್ಲ, ನಾನಿಲ್ವಾ?" ಎಂದು ಸುಲ್ತಾನ್ ಬೀ ಸೊಸೆಯ ತೋಳನ್ನು ಕೆಳಕ್ಕೆ ಎಳೆದು ಸರಿಮಾಡಿದಳು.

ಬೆಳಿಗ್ಗೆ ತನ್ನ ಹೆಸರಿನಲ್ಲಿ ಎಡತೋಳು ಕೊಟ್ಟಳು. ಮಧ್ಯಾಹ್ನ ಸೊಸೆಯ ಹಸಿರು ಬಳೆ ತೊಟ್ಟುಕೊಂಡು ಸೊಸೆಯ ಹೆಸರಿನಲ್ಲಿ ಬಲತೋಳು ಕೊಟ್ಟಳು. ಪರದೆಯ ಈಚೆ ನಿಂತು ಎರಡೂ ಹೆಸರು ಹೇಳಿದ ಪೀರ್ ಪಾಷಾನಿಗೂ ಏನೂ ಹೊಳೆಯಲಿಲ್ಲ. ಎತ್ತಿನ ಗೊರಸು ನೋಡಿ ಇಂಥ ಗೌಡನ ಎತ್ತು ಎಂದು ಹೇಳುತ್ತಿದ್ದ ಮನುಷ್ಯ ಅವನು; ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯ ತೋಳು ಗುರುತು ಹತ್ತಲಿಲ್ಲ.

ಇಂಥದ್ದು ಮುಚ್ಚಿಟ್ಟರೆ ನಿಲ್ಲುತ್ತದೆಯೇ? ಪಕ್ಕದ ಗುಡಿಸಲಿನ ಜೈನಾಬ್ ಬೀ ನೋಡಿಬಿಟ್ಟಿದ್ದಳು. ಅವಳು ಯಜಮಾನ ಅಕ್ರಂ ಪಾಷಾನ ಹೆಂಡತಿ. ಗಂಡನ ದನಿ ಎಷ್ಟು ದೊಡ್ಡದೋ ಇವಳ ಎದೆ ಅಷ್ಟು ಚಿಕ್ಕದು. ಕಾಲಿಗೆ ಮುಳ್ಳು ಚುಚ್ಚಿದರೆ ಎರಡು ದಿನ ಉಣ್ಣುವವಳಲ್ಲ. ಮರುದಿನ ಬಂದು ಸುಲ್ತಾನ್ ಬೀಯ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ನಿನ್ನ ದಮ್ಮಯ್ಯ. ನಂದೂ ಒಂದು ಆಕ್ಸ್ಕಂಡ್ಬುಡು. ಆ ಸೂಜಿ ನೋಡುದ್ರೆ ನಾನು ಅಲ್ಲೇ ಬಿದ್ದೋಯ್ತೀನಿ. ಯಜಮಾನ್ರ ಮರ್ವಾದೆ ಏನಾಯ್ತದೆ?"

ಯಜಮಾನನ ಮರ್ಯಾದೆ ಉಳಿಸಲು ಸುಲ್ತಾನ್ ಬೀ ಎಡತೋಳನ್ನು ಇನ್ನೊಂದು ಸಲ ತೂತಿನಲ್ಲಿ ತೂರಿಸಿದಳು. ಎರಡು ದಿನದಲ್ಲಿ ಮೂರು ಸೂಜಿ. ಮೂರನೆಯ ದಿನ ಜ್ವರ ಏರಿ ಮೈ ಕಾದ ಹೆಂಚಾಯಿತು. ಎರಡೂ ತೋಳು ಬಾತು, ನೀರಿನ ಲೋಟ ಎತ್ತಲಾಗದೆ ಸೊಸೆಯೇ ಕುಡಿಸಿದಳು. ಅತ್ತೆಗೆ ಒಳಗೊಳಗೇ ಹೆಮ್ಮೆ. ಒಂದು ಮೈಯಲ್ಲಿ ಮೂರು ಮೈಯ ನೋವು ಉಂಡೆ, ಮಗನ ಕುಡಿ ಉಳಿಯಿತು ಎಂದು ಅವಳು ನಿಜವಾಗಿಯೂ ನಂಬಿದ್ದಳು. ನಂಬಿಕೆಗೆ ಕಾರಣ ಚೀಟಿ. ಮೂರು ಹೆಸರಿಗೂ ಹಳದಿ ಚೀಟಿ ಬಂದಾಗ, ಸೂಜಿ ಬಿದ್ದದ್ದು ಯಾರಿಗೆ ಎಂಬುದು ದೊಡ್ಡ ವಿಷಯ ಅನ್ನಿಸಲೇ ಇಲ್ಲ.

ಹದಿನೈದು ದಿನ ಕಳೆಯಿತು. ಆಚೆ ಕಡೆ ಇಬ್ಬರಿಗೆ ಗಡ್ಡೆ ಕಟ್ಟಿತು, ಈಚೆ ಕಡೆ ಒಬ್ಬಳಿಗೆ. ಬಯಲಿನ ತುದಿಯಲ್ಲಿ ರೋಗಿಗಳ ಶೆಡ್ಡು ಎದ್ದಿತು. ಹೆಂಗಸರ ಶೆಡ್ಡಿಗೆ ಹೆಂಗಸರೇ ಆಗಬೇಕು, ರಾತ್ರಿ ಇಂದ್ರಮ್ಮ ನೋಡಿಕೊಳ್ಳುತ್ತಾಳೆ, ಹಗಲಿಗೆ ಸೂಜಿ ಆದವರು ಸರದಿಯಂತೆ ಬರಲಿ ಎಂದು ಡಾಕ್ಟರು ಕೇಳಿದರು. ಆಚೆಯ ಗೌಡರ ಬೀದಿಯಿಂದ ಇಬ್ಬರು ಬಂದು ಅಡಿಗೆ ಕೆಲಸ ಹಿಡಿದರು. ಅಕ್ರಂ ಪಾಷಾ ಹಿಂದೆ ಬೀಳುವವನೇ? ಎಲ್ಲರೆದುರು ಎದೆಯುಬ್ಬಿಸಿ ಅಂದ:

"ನಮ್ಮ ಓಣಿಯಿಂದ ಮೂವರು. ಮೊದಲು ನಮ್ಮನೆಯೋಳು, ಜೈನಾಬ್ ಬೀ. ಆಮೇಲೆ ಪೀರ್ ಪಾಷಾನ ಮನೇಲಿ ಸುಲ್ತಾನ್ ಬೀ, ಅವಳ ಸೊಸೆ. ಮೊದ್ಲು ಚೀಟಿ ತಗಂಡೋರೇ ಅವ್ರು!"

ಗುಡಿಸಲಿನೊಳಗೆ ಕೂತು ಇದನ್ನು ಕೇಳಿದ ಸುಲ್ತಾನ್ ಬೀ ಬೆರಳು ಮಡಿಸಿ ಮೂರು ಹೆಸರನ್ನೂ ಎಣಿಸಿದಳು. ತೂತಿನಲ್ಲಿ ತೋಳು ತೂರಿಸುವಾಗ ಒಬ್ಬಳೇ ಮೂವರಾಗಬಹುದು. ಕೂಗಿ ಕರೆದರೆ ಮೂವರು ಎದ್ದು ಬರಬೇಕಲ್ಲ!

ಸರದಿ ಒಂದಾದ ಮೇಲೆ ಒಂದು ಎಂದು ಗೊತ್ತಾದಾಗ ಅವಳಿಗೆ ಜೀವ ಬಂತು. ಬೆಳಿಗ್ಗೆ ಜೈನಾಬ್ ಬೀಯ ಬುರ್ಖಾ ಹಾಕಿಕೊಂಡು ಹೋದಳು. ಮಧ್ಯಾಹ್ನ ಕಬ್ಬಿನ ಗದ್ದೆ ಸುತ್ತಿ ಬಂದು ತನ್ನದನ್ನು ಹಾಕಿಕೊಂಡು ಹೋದಳು. ಇಳಿಹೊತ್ತಿಗೆ ಸೊಸೆಯದು. ಶೆಡ್ಡಿನೊಳಗೆ ಹೋದ ಮೇಲೆ ಬುರ್ಖಾ ತೆಗೆಯಲೇಬೇಕು, ವಾಂತಿ ಬಳಿಯುವವರು ಮುಸುಕು ಹಾಕಿಕೊಂಡು ಬಳಿಯಲಾಗದು. ಎರಡನೆಯ ದಿನ ಇಂದ್ರಮ್ಮ ಸೊಂಟಕ್ಕೆ ಕೈಕೊಟ್ಟು ನಿಂತಳು.

"ಏನಮ್ಮ, ಮೂರು ಹೆಸರೂ ನಿಂದೇನಾ? ಉಳಿದಿಬ್ಬರು ಎಲ್ಲಿ?"

"ಅವ್ರಿಗೆ ಮೈ ಉಸಾರಿಲ್ಲ ನರ್ಸಮ್ಮ. ಕೆಲಸ ಆಯ್ತದಲ್ಲ? ಅದಕ್ಕೆ ಮೋಸ ಮಾಡಿಲ್ಲ."

"ಸೂಜಿ ಆಗಿದೆ ತಾನೇ ಅವರಿಗೆ?"

"ಆಗದೆ. ಚೀಟಿ ಐತಲ್ಲ."

ಇಂದ್ರಮ್ಮ ಹಾಜರಿ ಹಾಳೆಯಲ್ಲಿ ಮೂರು ಹೆಸರಿನ ಮುಂದೆಯೂ ಗೀಟು ಹಾಕಿದಳು. ಮೂರಾಳಿನ ಕೆಲಸ ನಡೆಯುತ್ತಿತ್ತು, ಮೂವರು ಬಂದಿದ್ದರೆ ಎರಡಾಳಿನದೂ ನಡೆಯುತ್ತಿರಲಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ರೋಗಿಗಳಲ್ಲಿ ಗೌಡರ ಬೀದಿಯ ಪಟ್ಟಲಮ್ಮ ಇದ್ದಳು. ಅವಳ ನಾದಿನಿ ದೇವಿರಮ್ಮ ದಿನವೂ ರಾಗಿ ಗಂಜಿ ತಂದು ಶೆಡ್ಡಿನ ಹೊರಗೆ ಇಟ್ಟು ಹೋಗುವಳು. ಸುಲ್ತಾನ್ ಬೀ ಕುಡಿಸಲು ಹೋದರೆ ಪಟ್ಟಲಮ್ಮ ಮೊದಲ ದಿನ ತುಟಿ ಬಿಗಿದುಕೊಂಡಳು. ಎರಡನೆಯ ದಿನ ಸುಲ್ತಾನ್ ಬೀಗೆ ಸಿಟ್ಟು ಬಂತು.

"ಕುಡಿಯವ್ವ ಸಾಕು. ಗಂಜಿ ನಿಮ್ಮನೇದು, ಮಿಳ್ಳೆ ನಿಮ್ಮನೇದು. ನಂದು ಕೈ ಒಂದೇಯ. ಬದುಕುದ್ಮೇಲೆ ಬೇಕಾದ್ರೆ ಬಾಯಿ ತೊಳ್ಕೊ."

ಪಟ್ಟಲಮ್ಮ ಕುಡಿದಳು. ಒಂಬತ್ತನೆಯ ದಿನ ಎದ್ದು ಕೂತಳು. ದೇವಿರಮ್ಮ ಹೊರಗಿನಿಂದಲೇ ಕೂಗಿ ಹೇಳಿದಳು: "ಸುಲ್ತಾನಮ್ಮ, ನೀನು ನಮ್ಮನೆ ದೀಪ ಉಳಿಸ್ದೆ ಕಣಮ್ಮ. ನಿನ್ನ ಹೊಟ್ಟೆ ತಣ್ಣಗಿರಲಿ." ಸುಲ್ತಾನ್ ಬೀಗೆ ಸುಖವಾಯಿತು. ಊರು ತನ್ನಿಂದ ಒಂದಿಷ್ಟಾದರೂ ನಡೆಯುತ್ತಿದೆ ಎಂಬ ಸುಖ. ಅದು ಎರಡೇ ದಿನ ಇತ್ತು.

ಹನ್ನೊಂದನೆಯ ದಿನ ಮಧ್ಯಾಹ್ನ ಅವಳು ಗುಡಿಸಲಿಗೆ ಬಂದಾಗ ನಜ್ಮುನ್ನೀಸಾ ಚಾಪೆಯ ಮೇಲೆ ಮುದುರಿಕೊಂಡಿದ್ದಳು. ಮುಟ್ಟಿದರೆ ಕೈ ಸುಡುತ್ತಿತ್ತು. ತೊಡೆಯ ಸಂದಿಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ. ಎಲ್ಲಿಂದ ಬಂತೋ! ಪೀರ್ ಪಾಷಾ ಊರೊಳಗಿನ ತಮ್ಮ ಮನೆಯಿಂದ ಕದ್ದುಮುಚ್ಚಿ ತಂದ ರಾಗಿ ಮೂಟೆಯಿಂದ ಬಂದಿರಬಹುದು. ಸೋಗೆಯೊಳಗೆ ಸೇರಿದ್ದ ಇಲಿಯಿಂದ ಬಂದಿರಬಹುದು. ರೋಗಿಗಳ ಶೆಡ್ಡಿಗೆ ಹೋಗಿಬರುತ್ತಿದ್ದ ಬುರ್ಖಾದಲ್ಲಿ ಚಿಗಟವಾಗಿ ಬಂದಿರಲೂಬಹುದು. ಇಳಿಹೊತ್ತಿನ ಆ ಬುರ್ಖಾ ಸೊಸೆಯದೇ ಆಗಿತ್ತು. ಸುಲ್ತಾನ್ ಬೀ ಯಾರನ್ನೂ ಕೇಳಲಿಲ್ಲ. ಮೂರರಲ್ಲಿ ಕೊನೆಯದೇ ನಿಜ ಎಂದುಕೊಂಡಳು, ಸಾಯುವ ತನಕ ಹಾಗೆಯೇ ಅಂದುಕೊಂಡಳು.

ಸೊಸೆಯನ್ನು ಶೆಡ್ಡಿಗೆ ಹೊತ್ತು ತಂದರು. ಇಂದ್ರಮ್ಮ ಹೆಸರು ಬರೆದುಕೊಳ್ಳಲು ಹೋಗಿ ಪೆನ್ಸಿಲು ಹಿಡಿದು ನಿಂತಳು. ಅದೇ ಹೆಸರು ಆ ದಿನ ಇಳಿಹೊತ್ತಿನ ಸರದಿಯಲ್ಲೂ ಇತ್ತು.

ಆ ಹೊತ್ತಿಗೆ ಡಾಕ್ಟರ ಹತ್ತಿರ ಹೊಸ ಗುಳಿಗೆ ಬಂದಿತ್ತು. ಎಲ್ಲ ಯುದ್ಧಕ್ಕೇ ಹೋಗುತ್ತಿದ್ದ ಔಷಧ, ಹೇಗೋ ಕಾಡಿಬೇಡಿ ಒಂದು ಸೀಸೆ ತರಿಸಿಕೊಂಡಿದ್ದರು. ಇದ್ದದ್ದು ಸ್ವಲ್ಪ, ಆದ್ದರಿಂದ ಅವರದೊಂದು ನಿಯಮ. ಸೂಜಿ ಆಗದವರಿಗೆ ಮೊದಲು. ಸೂಜಿ ಆದ ಮೈ ಸಾಮಾನ್ಯವಾಗಿ ತಾನೇ ತಡೆದುಕೊಳ್ಳುತ್ತದೆ, ಎರಡು ದಿನ ಕಾದು ನೋಡಬಹುದು. ಸಂಜೆ ಸುತ್ತು ಬಂದಾಗ ಪೀರ್ ಪಾಷಾ ಬಾಗಿಲಲ್ಲಿ ನಿಂತು, ಅಭಿಮಾನದಿಂದ ಹಳದಿ ಚೀಟಿ ಚಾಚಿದ. ಪಕ್ಕದಲ್ಲಿ ಅಕ್ರಂ ಪಾಷಾ.

"ನೋಡಿ ಸ್ವಾಮಿ, ನಮ್ಮ ಸೊಸೆಗೆ ಸೂಜಿ ಆಗದೆ. ಮೊದಲ್ನೇ ದಿನಾನೇ."

"ಹಾಗಾದರೆ ಭಯವಿಲ್ಲ. ನಾಳೆ ನಾಳಿದ್ದು ನೋಡೋಣ" ಎಂದು ಡಾಕ್ಟರು ಮುಂದಿನ ಚಾಪೆಗೆ ಹೋದರು.

ಸುಲ್ತಾನ್ ಬೀ ಮುಸುಕಿನೊಳಗೆ ನಿಂತಿದ್ದಳು. ಸೊಸೆಯ ಬಾಯಿಂದ ಸಣ್ಣ ನರಳಾಟ ಬಿಟ್ಟರೆ ಏನೂ ಕೇಳುತ್ತಿರಲಿಲ್ಲ. ಹೇಳಿದರೆ ಗಂಡನ ಮುಂದೆ, ಯಜಮಾನನ ಮುಂದೆ, ಇಡೀ ಬಯಲಿನ ಮುಂದೆ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಹುಡುಗಿ ಹೋಗುತ್ತಾಳೆ. ಲೆಕ್ಕ ಇಷ್ಟು ನೇರವಾಗಿದ್ದರೂ ಅವಳ ನಾಲಿಗೆ ಏಳಲಿಲ್ಲ ಎಂಬುದನ್ನೂ ಹೇಳಿಬಿಡಬೇಕು. ಡಾಕ್ಟರು ಮುಂದಿನ ಇಬ್ಬರು ರೋಗಿಗಳನ್ನು ನೋಡಿ ಮುಗಿಸುವ ತನಕವೂ ಅವಳು ನಿಂತೇ ಇದ್ದಳು. ಅವರು ಗುಳಿಗೆಯ ಸೀಸೆಗೆ ಬಿರಡೆ ಹಾಕಿ ಹೊರಟಾಗ ಮುಸುಕನ್ನು ಹಿಂದಕ್ಕೆ ಎಸೆದಳು.

"ಡಾಕ್ಟ್ರೇ! ಆ ಸೂಜಿ ಅವಳಿಗೆ ಬಿದ್ದಿಲ್ಲ. ನಂಗೆ ಬಿದ್ದಿರಾದು."

ಮಾತು ಅರ್ಥವಾಗದೆ ಡಾಕ್ಟರು ನಿಂತರು. ಅವಳು ಎರಡೂ ತೋಳಿನ ಬಟ್ಟೆ ಮೇಲಕ್ಕೆಳೆದು ಮುಂದೆ ಹಿಡಿದಳು. ಮೂರು ಗಂಟು ಇನ್ನೂ ಇಳಿದಿರಲಿಲ್ಲ.

"ಇದು ನಂದು. ಇದು ಅವಳ್ದು. ಅವಳು ಕೈ ಚಾಚಿದ್ಲು, ನಾನೇ ಎಳುದ್ಬುಟ್ಟೆ. ಅವಳು ಬಸುರಿ ಸ್ವಾಮಿ. ಗುಳಿಗೆ ಕೊಡಿ."

"ಯಾ ಅಲ್ಲಾ!" ಎಂದ ಪೀರ್ ಪಾಷಾ, ಬಾಗಿಲಲ್ಲೇ ಕುಕ್ಕರಿಸಿ ಕೂತ. ಡಾಕ್ಟರ ಮುಖ ಕೆಂಪಾಯಿತು.

"ಮೂರನೇದು ಯಾರದು?"

ಸುಲ್ತಾನ್ ಬೀ ಅಕ್ರಂ ಪಾಷಾನನ್ನು ನೋಡಿದಳು. ಅವನು ಇನ್ನೂ ಯಾರನ್ನು ಬೈಯಬೇಕೆಂದು ಯೋಚಿಸುತ್ತ ಬಾಯಿ ತೆರೆದಿದ್ದ.

"ಯಜಮಾನ್ರ ಮನೆಯೋರ್ದು" ಅಂದಳು. ತೆರೆದ ಬಾಯಿ ಮುಚ್ಚಿಕೊಂಡಿತು.

ಗುಳಿಗೆ ಆ ಗಳಿಗೆಯಲ್ಲೇ ಸೊಸೆಯ ಹೊಟ್ಟೆಗಿಳಿಯಿತು. ಡಾಕ್ಟರು ಬೈದ ಬೈಗುಳವನ್ನು ಇಂದ್ರಮ್ಮ ಅರ್ಧ ಮಾತ್ರ ಕನ್ನಡಕ್ಕೆ ತಂದಳು, ಉಳಿದರ್ಧ ಇಂಗ್ಲಿಷಿನಲ್ಲೇ ಇರಲಿ ಎಂದುಕೊಂಡಳು. ಮರುದಿನ ಬೆಳಿಗ್ಗೆ ಬಯಲಿನಲ್ಲಿದ್ದ ಅಷ್ಟೂ ಜನರ ತೋಳು ತಪಾಸಣೆಯಾಯಿತು. ಗೋಷಾ ಹೆಂಗಸರ ಕುತಂತ್ರ ಎಂದು ನಗಲು ಸಿದ್ಧವಾಗಿದ್ದ ಗೌಡರ ಬೀದಿಯಲ್ಲೇ ಎಂಟು ಖಾಲಿ ತೋಳು ಸಿಕ್ಕವು. ಕರಿಯಪ್ಪ ಎಂಬವನು ಇಬ್ಬರು ತಮ್ಮಂದಿರಿಗೂ ಸೇರಿಸಿ ತಾನೇ ಚುಚ್ಚಿಸಿಕೊಂಡಿದ್ದ. ಅವರು ಕಬ್ಬು ಕಡಿಯಲು ಹೋಗಿದ್ದರು, ಮನೆಗೊಬ್ಬ ಹೋದರೆ ಸಾಲದೇ ಎಂಬುದು ಅವನ ವಾದ. ಮದುವೆಗೆ, ಸಾವಿಗೆ, ಪಂಚಾಯಿತಿಗೆ ಮನೆಗೊಬ್ಬರು ಹೋಗಿ ರೂಢಿಯಾದ ಜನ. ರೋಗಕ್ಕೂ ಹಾಗೆಯೇ ಅಂದುಕೊಂಡಿದ್ದರು. ಜೈನಾಬ್ ಬೀಯನ್ನು ಗಂಡ ರಟ್ಟೆ ಹಿಡಿದು ಕರೆತಂದ. ಸೂಜಿ ಚುಚ್ಚಿದಾಗ ಅವಳು ಬೀಳಲಿಲ್ಲ, ಅಕ್ರಂ ಪಾಷಾ ಮಾತ್ರ ಮುಖ ಆಚೆ ತಿರುಗಿಸಿಕೊಂಡ.

ನಜ್ಮುನ್ನೀಸಾಳ ಜ್ವರ ನಾಲ್ಕನೆಯ ದಿನ ಇಳಿಯಿತು. ಇಳಿಯುವ ಮುಂಚೆ ಬಸಿರು ಹೋಯಿತು. ಅತ್ತೆಯೇ ಎಲ್ಲ ಬಳಿದಳು, ಎಲ್ಲ ತೊಳೆದಳು. ತೊಳೆಯುತ್ತ ಅತ್ತಳು, ದನಿಯೆತ್ತಿ ಅತ್ತಳು. ಸೂಜಿ ಹಾಕಿಸಿದ್ದರೂ ಹೀಗೇ ಆಗುತ್ತಿರಲಿಲ್ಲವೇ ಎಂದು ಇಂದ್ರಮ್ಮನನ್ನು ಕೇಳಿದಳು.

"ಸೂಜಿ ಜ್ವರ ಒಂದು ದಿನದ್ದು ಕಣಮ್ಮ. ನಾನು ಬಸುರಿಯರಿಗೂ ಹಾಕಿಸಿದ್ದೀನಿ. ಇದು ರೋಗದ ಜ್ವರ" ಎಂದಳು ಇಂದ್ರಮ್ಮ. ಸುಳ್ಳು ಹೇಳಿ ಸಮಾಧಾನ ಮಾಡುವ ಅಭ್ಯಾಸ ಅವಳಿಗಿರಲಿಲ್ಲ.

ಪೀರ್ ಪಾಷಾ ಹೆಂಡತಿಯನ್ನು ಬೈಯಲೂ ಇಲ್ಲ, ಮಾತಾಡಿಸಲೂ ಇಲ್ಲ. ಮಗನಿಗೆ ಬರೆಸಿದ ಕಾಗದದಲ್ಲಿ ಸೊಸೆಗೆ ಜ್ವರ ಬಂದು ವಾಸಿಯಾಯಿತು ಎಂದಷ್ಟೇ ಇತ್ತು.

ಎರಡು ತಿಂಗಳಿಗೆ ಊರು ತೆರೆಯಿತು. ಹೆಂಚು ತೆಗೆದು ಬಿಸಿಲು ಬಿಟ್ಟಿದ್ದ ಮನೆಗಳಿಗೆ ಮತ್ತೆ ಹೆಂಚು ಹೊದಿಸಿದರು. ಗೋಡೆಗೆಲ್ಲ ಸುಣ್ಣ. ಓಣಿಯ ಬಡಗಿಗಳು ಗೌಡರ ಬೀದಿಯ ಮುರಿದ ಬಾಗಿಲುಗಳನ್ನು ಸರಿಮಾಡಿಕೊಟ್ಟರು. ಗೌಡರ ಗಾಡಿಗಳು ಓಣಿಯ ಸಾಮಾನು ಹೊತ್ತು ತಂದವು. ಪೀರ್ ಪಾಷಾ ಆ ವಾರವೆಲ್ಲ ಎತ್ತುಗಳಿಗೆ ಲಾಳ ಕಟ್ಟಿದ. ಸುಲ್ತಾನ್ ಬೀಯ ಕತೆ ಆ ಹೊತ್ತಿಗೆ ನಗೆಯ ಮಾತಾಗಿತ್ತು. ಮೂರಾಳು ಸುಲ್ತಾನ್ ಬೀ ಎಂದು ಹೆಂಗಸರು ಕರೆಯುವರು, ಅವಳೂ ನಗುವಳು. ಪಟ್ಟಲಮ್ಮ ಒಂದು ಮಿಳ್ಳೆ ತುಪ್ಪ ಕಳಿಸಿದಳು. ಶೆಡ್ಡಿನಲ್ಲಿ ಆಡಿದ ಬಸಿರಿನ ಮಾತನ್ನು ಜ್ವರದಲ್ಲಿದ್ದ ರೋಗಿಗಳನ್ನು ಬಿಟ್ಟರೆ ಕೇಳಿದವರು ನಾಲ್ಕೇ ಜನ, ನಾಲ್ವರೂ ಅದನ್ನು ಅಲ್ಲೇ ಬಿಟ್ಟು ಬಂದಿದ್ದರು.

ನಜ್ಮುನ್ನೀಸಾ ನಗುತ್ತಿರಲಿಲ್ಲ. ಕೆಲಸ ಮಾಡುವಳು, ಕರೆದರೆ ಓಗೊಡುವಳು, ಹೇಳಿದ್ದನ್ನೆಲ್ಲ ಕೇಳುವಳು. ಅದನ್ನು ನೋಡಿ ಅತ್ತೆಗೆ ಇನ್ನಷ್ಟು ಸಂಕಟ. ಎರಡು ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಒಂದು ಶುಕ್ರವಾರ ಬೆಳಗಿನ ರೈಲಿಗೆ ವಹಾಬ್ ರಜೆಯ ಮೇಲೆ ಬಂದ. ಹೆಂಡತಿ ಸೊರಗಿದ್ದಾಳೆ ಎಂದ, ಬದುಕಿದಳಲ್ಲ ಎಂದ, ಅವಳಿಗೆ ಬೆಂಗಳೂರಿನಿಂದ ತಂದ ಚಪ್ಪಲಿ ತೋರಿಸಿದ. ನಡುಮನೆಯಲ್ಲಿ ಊಟಕ್ಕೆ ಕೂತ. ಒಲೆಯ ಹತ್ತಿರ ಸುಲ್ತಾನ್ ಬೀ ಸೊಸೆಯ ಕೈಯಿಂದ ಅನ್ನದ ತಟ್ಟೆ ತೆಗೆದುಕೊಂಡಳು.

"ನೀನಿಲ್ಲೇ ಇರು ಮಗಾ. ಇವತ್ತು ನಾನೇ ಅವನಿಗೆ ಎಲ್ಲ ಹೇಳ್ಬುಡ್ತೀನಿ. ತಪ್ಪು ನಂದು. ಅವನು ಬೈಯೋದಿದ್ರೆ ನನ್ನ ಬೈಲಿ, ನಿಂಗ್ಯಾಕೆ ಆ ನೋವು?"

ನಜ್ಮುನ್ನೀಸಾ ತಟ್ಟೆಯನ್ನು ವಾಪಸು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಮೆಲ್ಲಗೆ ಬಿಡಿಸಿಕೊಂಡಳು.

"ಬ್ಯಾಡಮ್ಮಾ. ನೀವು ಹೇಳುದ್ರೆ ಅದೂ ನನ್ನ ಬದ್ಲಿಗೆ ನೀವೇ ಮಾಡ್ದಂಗಾಯ್ತದೆ. ಇದ್ನಾದ್ರೂ ನಂಗೆ ಬುಡಿ."

ಅವಳು ನಡುಮನೆಗೆ ಹೋದಳು. ಸುಲ್ತಾನ್ ಬೀ ಒಲೆಯ ಮುಂದೆ ಕೂತಳು. ನಡುಮನೆಯಿಂದ ಸೊಸೆಯ ದನಿ ತಗ್ಗಿ ಕೇಳಿಸಿತು, ಆಮೇಲೆ ಮಗ "ಯಾವಾಗ?" ಅಂದದ್ದು, ಆಮೇಲೆ ಅಳು, ಯಾರದೆಂದು ತಿಳಿಯಲಿಲ್ಲ. ಅವಳು ಎರಡು ಸಲ ಏಳಲು ಹೋದಳು, ಎರಡು ಸಲವೂ ಕೂತುಕೊಂಡಳು.